ಹೊತ್ತು ಹೊತ್ತಿಗೆ ರೊಟ್ಟಿ

1993ರ ಸೆಪ್ಟೆಂಬರ್ 30. ಬೆಳಗಿನ ಜಾವ. ಬೀದರಿನ ನಮ್ಮ ಬೋರ್ಡಿಂಗಿನ ತಗಡಿನ ಟ್ರಂಕುಗಳು ತಮ್ಮಷ್ಟಕ್ಕೆ ತಾವೇ ಬಡಿದುಕೊಳ್ಳತೊಡಗಿದವು. ಕಳ್ಳ ಬಂದ ಅಂದುಕೊಂಡು ನಾನು ಚಾದರವನ್ನು ತಲೆ ಮೇಲೆ ಎಳೆದುಕೊಂಡೆ. ಆಮೇಲೆ ಚಾಪೆಯ ಕೆಳಗಿನ ನೆಲವೇ ಅಲುಗಿತು. ನಾನು ಹತ್ತನೇ ಕ್ಲಾಸಿನವನು, ಸಣ್ಣ ಹುಡುಗರನ್ನು ಎಬ್ಬಿಸಬೇಕಾಗಿತ್ತು. ಎಬ್ಬಿಸಲಿಲ್ಲ. ಸೀದಾ ಅಂಗಳಕ್ಕೆ ಓಡಿದೆ.

ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ಯಾರೋ ಒಬ್ಬ "ಕರ್ತನ ಬರೋಣ! ಕರ್ತನ ಬರೋಣ!" ಅಂತ ಅಳತೊಡಗಿದ. ಆಗ ಎಂಟನೇ ಕ್ಲಾಸಿನ ಹುಡುಗನೊಬ್ಬ ಕೂಗಿದ: "ಲೇ, ಆಯಿ ಇದ್ದಾಳೇನ್ ನೋಡ್ರಲೇ!"

ನಮ್ಮ ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳೂ ಓದಿದ್ದಾರೆ, ಇದನ್ನು ಓದುವವರಲ್ಲೂ ಎಲ್ಲರೂ ಇರುತ್ತಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೋರ್ಡಿಂಗಿನಲ್ಲಿದ್ದ ನಾವು ಹೆಚ್ಚಿನವರು ಹಳ್ಳಿಯ ಕ್ರೈಸ್ತ ಮನೆಗಳಿಂದ ಬಂದವರು. ಕರ್ತನ ಬರೋಣ ಅಂದರೆ ಯೇಸು ಸ್ವಾಮಿ ಎರಡನೇ ಸಲ ಬರುವುದು. ಅದು ನಮ್ಮ ಮನೆಗಳಲ್ಲಿ ಬೆಳಗಾಗುತ್ತದೆ ಅನ್ನುವಷ್ಟೇ ಖಾತ್ರಿಯ ಮಾತು. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಆ ದಿನದ ಚಿತ್ರ ಇದೆ. ಹೊಲದಲ್ಲಿ ಇಬ್ಬರು ಇರುತ್ತಾರೆ, ಒಬ್ಬನನ್ನು ಕರೆದುಕೊಳ್ಳಲಾಗುತ್ತದೆ, ಒಬ್ಬ ಉಳಿಯುತ್ತಾನೆ. ಇಬ್ಬರು ಹೆಂಗಸರು ಬೀಸುತ್ತಿರುತ್ತಾರೆ, ಒಬ್ಬಳು ಹೋಗುತ್ತಾಳೆ, ಒಬ್ಬಳು ಉಳಿಯುತ್ತಾಳೆ. ಹುಡುಗರಿಗೆ ಸಾಯುವ ಭಯಕ್ಕಿಂತ ಹಿಂದೆ ಉಳಿಯುವ ಭಯ ಜಾಸ್ತಿ. ಇನ್ನು ನಮ್ಮ ಬೋರ್ಡಿಂಗಿನಲ್ಲಿ ಒಬ್ಬರೇ ಒಬ್ಬರು ಹಾಗೆ ಪರಲೋಕಕ್ಕೆ ಎತ್ತಲ್ಪಟ್ಟರೂ ಅದು ಅಡುಗೆಯ ಆಯಿಯೇ ಆಗಿರಬೇಕು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವಳು ಹೋಗಿದ್ದರೆ ನಮ್ಮ ಕಥೆ ಮುಗಿಯಿತು.

ಆರೇಳು ಜನ ಅಡುಗೆಮನೆಗೆ ಓಡಿದೆವು. ಆಯಿಯ ಚಾಪೆ ಖಾಲಿ! ಒಬ್ಬ ಅಲ್ಲೇ ಮೊಣಕಾಲೂರಿ ಪಾಪ ಒಪ್ಪಿಕೊಳ್ಳಲು ಶುರು ಮಾಡಿದ. ಪಕ್ಕದ ಹುಡುಗನ ಪೆನ್ನು ಕದ್ದವನು ಯಾರು ಎಂದು ನಮಗೆ ಗೊತ್ತಾಗಿದ್ದು ಹಾಗೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಹಿಟ್ಟಿನ ಡಬ್ಬಿ ಉಳ್ಳ್ಯಾಡಿ ಬಿದ್ದಾದ, ನಿಮ್ಮ ಪ್ರಾರ್ಥನಿ ಆಮ್ಯಾಲ ಮಾಡ್ರಿ, ಮೊದಲ ಎತ್ತಲಾಕ ಕೈ ಹಚ್ಚ್ರಿ." ಆಯಿ ಕಂದೀಲು ಹಿಡಿದು ನಿಂತಿದ್ದಳು. ಅವಳನ್ನು ನೋಡಿ ನಮಗೆ ಆದ ಸಂತೋಷ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ನಾ ಹೋದ್ರ ನಿಮಗ ರೊಟ್ಟಿ ಯಾರು ಬಡೀಬೇಕು?"

ಹೊತ್ತೇರಿದ ಮೇಲೆ ರೇಡಿಯೊ ಸುದ್ದಿ ಬಂತು. ನಗು ನಿಂತಿತು. ನಮ್ಮಿಂದ ಸುಮಾರು 100 ಕಿಲೋಮೀಟರ್ ದೂರದ ಕಿಲ್ಲಾರಿ, ಲಾತೂರ್ ಜಿಲ್ಲೆಯ ಹಳ್ಳಿ, ಪೂರ್ತಿ ನೆಲಸಮ ಆಗಿತ್ತು. ಭೂಮಿ ನಡುಗಿದ್ದು 3 ಗಂಟೆ 56 ನಿಮಿಷಕ್ಕೆ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಆ ಸೀಮೆಯಲ್ಲಿ ಸತ್ತವರು ಹತ್ತಿರ ಹತ್ತಿರ 10,000. ಅಲ್ಲಿಯವರೆಗೆ ಭೂಕಂಪದ ಭಯವೇ ಇಲ್ಲದ ಗಟ್ಟಿ ನೆಲ ಅಂತ ಲೆಕ್ಕ ಹಾಕಿದ್ದ ಜಾಗ ಅದು. ಜನರನ್ನು ಕೊಂದದ್ದು ಮನೆಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ನಮ್ಮ ಊರಿನ ಮನೆಯೂ ಹಾಗೇ ಇತ್ತು.

ಆಯಿ ಅವತ್ತು ಮಧ್ಯಾಹ್ನದಿಂದಲೇ ಖಡಕ್ ರೊಟ್ಟಿ ಬಡಿಯಲು ಕೂತಳು. ಊರಿನವರು ಲಾರಿ ಮಾಡಿ ಆ ಕಡೆ ಸಾಮಾನು ಕಳಿಸುತ್ತಿದ್ದರು. ಎರಡು ದಿನ, ಎರಡು ರಾತ್ರಿ. ನಾವು ಸರದಿ ಮೇಲೆ ಒಲೆಗೆ ಕಟ್ಟಿಗೆ ಹಾಕುತ್ತಿದ್ದೆವು, ಆರಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದೆವು. ಅವಳು ಅಳುತ್ತಲೇ ಬಡಿಯುತ್ತಿದ್ದಳು. ಹಾಡುತ್ತಲೂ ಇದ್ದಳು.

ಅಕ್ಟೋಬರಿನಲ್ಲಿ ಬೇರೆ ಊರಿನಿಂದ ಒಬ್ಬ ಬೋಧಕರು ಬಂದು ಪೆಂಡಾಲ್ ಹಾಕಿದರು. ಹೆಸರು ಬೇಡ. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಉದ್ದನೆಯ ನಕ್ಷೆ ತಂದಿದ್ದರು. ಮೊದಲು ಸಭೆ, ಅಂದರೆ ನಂಬಿದವರೆಲ್ಲ, ಎತ್ತಲ್ಪಡುವುದು, ಆಮೇಲೆ 7 ವರ್ಷ ಮಹಾಸಂಕಟ, ಕ್ರಿಸ್ತವಿರೋಧಿ, ಮೃಗದ ಗುರುತು 666, ಆಮೇಲೆ ಕ್ರಿಸ್ತನ 1,000 ವರ್ಷದ ಆಳ್ವಿಕೆ. ಕೋಲು ಇಟ್ಟು ಒಂದೊಂದೇ ತೋರಿಸಿದರು. ಭೂಕಂಪ ಆಯಿತಲ್ಲ, ಇನ್ನು ಕ್ರಿಸ್‌ಮಸ್ ಕಾಣುವುದು ಕಷ್ಟ ಅಂದರು. ಅಂಗಡಿ ಸಾಮಾನಿನ ಮೇಲೆ ಬರುವ ಕಪ್ಪು ಗೆರೆಗಳಲ್ಲಿ ಮೃಗದ ಸಂಖ್ಯೆ ಅಡಗಿದೆ ಅಂತಲೂ ಹೇಳಿದರು. ನಮ್ಮಲ್ಲಿ ಒಬ್ಬನ ಮಾವ ಸೌದಿಯಿಂದ ಬಿಸ್ಕತ್ತಿನ ಪೊಟ್ಟಣ ತಂದಿದ್ದ, ಅದರ ಮೇಲೆ ಆ ಗೆರೆ ಇತ್ತು. ಹುಡುಗ ಮುಟ್ಟಲು ಹೆದರಿದ. ಉಳಿದವರು ಪೊಟ್ಟಣ ಹರಿದು ಬಿಸಾಕಿ ಬಿಸ್ಕತ್ತು ತಿಂದೆವು.

ಆ ನಕ್ಷೆ ಯೇಸುವಿನ ಕಾಲದಿಂದ ಬಂದದ್ದು ಅಂತ ನಾನು ಬಹಳ ವರ್ಷ ನಂಬಿದ್ದೆ. ಸಂಕಟಕ್ಕೆ ಮೊದಲೇ ಸಭೆ ಗುಟ್ಟಾಗಿ ಎತ್ತಲ್ಪಡುತ್ತದೆ ಎನ್ನುವ ಕ್ರಮವನ್ನು ಹರಡಿದ್ದು 1830ರ ಆಸುಪಾಸಿನಲ್ಲಿ ಜಾನ್ ನೆಲ್ಸನ್ ಡಾರ್ಬಿ ಎನ್ನುವ ಬೋಧಕ. ಕರ್ತನ ಬರೋಣವನ್ನು ನಂಬಿಯೂ ಈ ಕ್ರಮವನ್ನು ಒಪ್ಪದ ಸಭೆಗಳು ಎಷ್ಟೋ ಇವೆ. ಹದಿನೈದು ವರ್ಷದ ಹುಡುಗನಿಗೆ ಇದನ್ನು ಯಾರು ಹೇಳಬೇಕು?

ನಾನು ಓದುವುದನ್ನು ಬಿಟ್ಟೆ. ಸುಮ್ನೆ ಸೋಮಾರಿತನ ಅಲ್ಲ, ನಿಜವಾಗಿಯೂ ಅರ್ಥ ಕಾಣಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 11 ಅಂಕ ಬಂತು. ನಮಗೆ ಕನ್ನಡವನ್ನೂ ಬೈಬಲ್ ಪಾಠವನ್ನೂ ಹೇಳುತ್ತಿದ್ದ ಸರ್ ಕರೆದು ಕೇಳಿದರು.

"ಏನಾಗ್ಯಾದೋ ನಿನಗ?"

"ಸರ್, ಕರ್ತ ಬರ್ಲತ್ತಾನ್ರಿ."

"ಬರ್ಲಿ. ಬಂದಾಗ ನಿನ್ನ ಕೈಯಾಗ ಏನಿರಬೇಕು ಅಂತಿ?"

ನನಗೆ ಉತ್ತರ ಬರಲಿಲ್ಲ. ಮರುದಿನ ಕ್ಲಾಸಿನಲ್ಲಿ 24ನೇ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಕೈಲೇ ಓದಿಸಿದರು. ಯುದ್ಧ, ಬರ, ಭೂಕಂಪ ಬಂತು. ಪೆಂಡಾಲಿನಲ್ಲಿ ಅಷ್ಟಕ್ಕೇ ನಿಂತಿತ್ತು. ಸರ್ ಮುಂದೆ ಓದು ಅಂದರು. ಇವೆಲ್ಲ ಪ್ರಸವವೇದನೆಯ ಪ್ರಾರಂಭ ಮಾತ್ರ ಅಂತ ಇತ್ತು, ಕಳವಳಪಡಬೇಡಿರಿ ಅಂತಲೂ ಇತ್ತು. ಆ ದಿನ, ಆ ಗಳಿಗೆ ತಂದೆಯೊಬ್ಬನಿಗೆ ಹೊರತು ಯಾರಿಗೂ ತಿಳಿಯದು, ಮಗನಿಗೂ ತಿಳಿಯದು ಅಂತ ಬಂದಾಗ ಸರ್ ಪುಸ್ತಕದ ಮೇಲೆ ಬೆರಳಿಟ್ಟರು. "ಮಗನಿಗೇ ತಿಳೀಲಾರದ್ದು ಪೆಂಡಾಲದವರಿಗೆ ಹ್ಯಾಂಗ ತಿಳೀತೋ, ನನಗ ತಿಳೀವಲ್ದು."

ಅಮೆರಿಕದ ವಿಲಿಯಂ ಮಿಲ್ಲರ್ ಕಥೆ ಹೇಳಿದ್ದೂ ಅವತ್ತೇ. ಮಿಲ್ಲರ್ ರೈತ. ಬೈಬಲಿನ ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ಹಿಡಿದು ಬರೋಣ ಯಾವಾಗ ಅಂತ ಲೆಕ್ಕ ಮಾಡಿದ. ಕೊನೆಗೆ ಅವನ ಜೊತೆಯವರು 1844ರ ಅಕ್ಟೋಬರ್ 22 ಅಂತ ದಿನ ಗೊತ್ತು ಮಾಡಿದರು. ಕೆಲವರು ಹೊಲದ ಬೆಳೆಯನ್ನು ತೆಗೆಯದೆ ಹಾಗೇ ಬಿಟ್ಟು ಕಾದರು. ಅಕ್ಟೋಬರ್ 23 ಎಂದಿನಂತೆ ಬೆಳಗಾಯಿತು. ಕ್ಲಾಸು ನಕ್ಕಿತು. ನಾನು ನಗಲಿಲ್ಲ. ನಮ್ಮ ಊರಿನಲ್ಲಿ ನನ್ನ ಕಾಕಾ ಆ ವರ್ಷ ಹಿಂಗಾರಿ ಜೋಳ ಬಿತ್ತಲಿಲ್ಲ ಅಂತ ಅಪ್ಪ ಆಗಲೇ ಹೇಳಿ ಕಳಿಸಿದ್ದ. ಇದ್ದದ್ದೇ ಒಂದೂವರೆ ಎಕರೆ.

ಆಮೇಲೆ ಸರ್ ಒಂದು ವಾಕ್ಯಕ್ಕೆ ಹಿಂದೆ ಹೋದರು: "ಕಡೇವರೆಗೂ ತಾಳುವವನು ರಕ್ಷಣೆ ಹೊಂದುವನು." ಕನ್ನಡ ಮೇಷ್ಟ್ರಲ್ವಾ, 'ತಾಳು' ಅನ್ನುವ ಮಾತನ್ನು ಹಿಡಿದುಕೊಂಡು ಕೂತರು. ತಾಳಿದವನು ಬಾಳಿಯಾನು ಅಂತೀವಿ. ಮನೆಯ ಭಾರವನ್ನು ಕಂಬ ತಾಳುತ್ತದೆ ಅಂತೀವಿ. ಈ ಜಾಗದಲ್ಲಿ ಗ್ರೀಕ್ ಮೂಲದಲ್ಲಿ ಇರುವ ಶಬ್ದಕ್ಕೂ 'ಕೆಳಗೆ ಉಳಿ' ಎನ್ನುವ ಹುರುಳಿದೆ, ಹೊರೆಯ ಕೆಳಗೆ ಕದಲದೆ ಉಳಿಯುವುದು. ನನಗೆ ಕಣ್ಣ ಮುಂದೆ ಬಂದದ್ದು ಕಣಕಿ ಹೊರೆ ಹೊತ್ತು ಬರುವ ಅಪ್ಪ. ಹೊರೆಯೊಳಗೆ ಅವನ ಮುಖವೇ ಕಾಣುತ್ತಿರಲಿಲ್ಲ, ಕಾಲಿನಿಂದ ಗುರುತು ಹಿಡಿಯುತ್ತಿದ್ದೆವು.

ಅಧ್ಯಾಯದ ಕೊನೆಗೆ ಒಬ್ಬ ನಂಬಿಗಸ್ತ ಆಳಿನ ಮಾತು ಬರುತ್ತದೆ. ಯಜಮಾನ ಬಂದಾಗ ಯಾವ ಆಳು ತನ್ನ ಕೆಲಸ ಮಾಡುತ್ತಾ ಇರುತ್ತಾನೋ ಅವನು ಧನ್ಯ. ಆ ಆಳಿನ ಕೆಲಸ ಏನು? ಸರ್ ಎಲ್ಲರನ್ನೂ ಕೇಳಿದರು. ಪ್ರಾರ್ಥನೆ ಅಂದೆವು, ಉಪವಾಸ ಅಂದೆವು, ಸುವಾರ್ತೆ ಸಾರುವುದು ಅಂದೆವು. ಅಲ್ಲ. ಮನೆಯವರಿಗೆ ಹೊತ್ತು ಹೊತ್ತಿಗೆ ಊಟ ಕೊಡುವುದು. ಪುಸ್ತಕದಲ್ಲಿ ಅಷ್ಟೇ ಇದೆ, ಬೇಕಾದವರು ನೋಡಿಕೊಳ್ಳಬಹುದು. ಸರ್ ಕನ್ನಡಕ ತೆಗೆದು ಒರಸಿಕೊಂಡರು. "ಆ ರಾತ್ರಿ ನೀವು ಓಡಿ ಹೋಗಿ ನೋಡಿದ್ದು ಸರಿಯಾದ ಮನಶ್ಯಾನ್ನೇ" ಅಂದರು.

ಆಯಿಗೆ ಓದು ಬರುತ್ತಿರಲಿಲ್ಲ. ಸಂಜೆ ರೊಟ್ಟಿ ಬಡಿಯುವಾಗ ಯಾರಾದರೂ ಒಬ್ಬ ಹುಡುಗ ಬೈಬಲ್ ಓದಬೇಕು. ಓದಿದವನಿಗೆ ಮೊದಲ ಬಿಸಿ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಎಣ್ಣೆ. ಈ ಆಸೆಗೆ ನಾನು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನೇ ಮೂರು ಸಲ ಓದಿ ಮುಗಿಸಿದ್ದೇನೆ. ಏಳು ತಲೆಯ ಮೃಗ, ಮುದ್ರೆ, ತುತೂರಿ ಬಂದರೆ ಅವಳು ಹಿಟ್ಟು ನಾದುತ್ತಾ ಸುಮ್ಮನಿರುತ್ತಿದ್ದಳು. ಸ್ಮುರ್ನದ ಸಭೆಗೆ ಬರೆದ ಮಾತು ಬಂದರೆ ಕೈ ನಿಲ್ಲುತ್ತಿತ್ತು. ಸಾಯಬೇಕಾದರೂ ನಂಬಿಗಸ್ತನಾಗಿರು ಅನ್ನುವ ಮಾತು. ಬಡತನದಲ್ಲಿದ್ದ, ಸೆರೆಮನೆಯ ಹೆದರಿಕೆಯಲ್ಲಿದ್ದ ಸಭೆ ಅದು. ಕಣ್ಣೀರನ್ನೆಲ್ಲ ಒರಸಿಬಿಡುತ್ತಾನೆ ಅನ್ನುವ ಕಡೆ ಬಂದರೆ "ಇನ್ನೊಮ್ಮೆ ಓದು" ಅನ್ನುತ್ತಿದ್ದಳು. ಬರೋಣವನ್ನು ಅವಳು ಪೆಂಡಾಲಿನ ಬೋಧಕರಿಗಿಂತ ಹೆಚ್ಚು ನಂಬಿದ್ದಳು. ಗಂಡ ಸತ್ತ ಮೇಲೆ ಗೌಡರ ಹೊಲದಲ್ಲಿ ಕಳೆ ತೆಗೆದು ಬದುಕಿದವಳು. ಲೋಕದ ಲೆಕ್ಕ ಒಂದು ದಿನ ಸರಿಯಾಗುತ್ತದೆ ಅನ್ನುವ ಮಾತು ಅವಳಿಗೆ ಹೆದರಿಕೆ ಆಗಿರಲಿಲ್ಲ. ಈ ನಂಬಿಕೆಯನ್ನು ನೋಡಿ ನಗುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ತಾರೀಖು ಹೇಳುವವರನ್ನು ಕಂಡರೂ ಆಗುವುದಿಲ್ಲ.

ಒಮ್ಮೆ ರಕ್ಷಣೆ ಸಿಕ್ಕ ಮೇಲೆ ಅದು ಕಳೆದುಹೋಗುತ್ತದಾ ಅಂತ ನಮ್ಮಲ್ಲಿ ದೊಡ್ಡ ಜಗಳ ನಡೆಯುತ್ತಿತ್ತು. ಸರ್ ಎರಡೂ ಕಡೆ ಹೇಳಿದ್ದರು. ದೇವರು ಆರಿಸಿಕೊಂಡವರನ್ನು ಕೊನೆಯವರೆಗೆ ಅವನೇ ಹಿಡಿದಿರುತ್ತಾನೆ, ಅವರು ಬೀಳಲಾರರು ಅಂತ ಕ್ಯಾಲ್ವಿನ್‌ನ ಹಾದಿಯವರು. ಕೃಪೆ ಸಿಕ್ಕವನೂ ಜಾರಿ ಬೀಳಬಹುದು, ಎಚ್ಚರ ಬೇಕು ಅಂತ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ. ಬೀದರಿನ ನಾವು ಬಹುಪಾಲು ವೆಸ್ಲಿಯ ಕಡೆಯವರು. ಜಗಳವನ್ನು ಆಯಿಯ ಹತ್ತಿರ ಒಯ್ದೆವು. ಅವಳು ಬಡಿಯುತ್ತಿದ್ದ ರೊಟ್ಟಿಯಿಂದ ತಲೆ ಎತ್ತಲಿಲ್ಲ. "ಬಡಿಯೋದು ಮರೀತದೇನು? ಮರಿಯಲ್ಲ. ಹಂಗಂತ ಕೈ ತಗದ್ರ ರೊಟ್ಟಿ ಆಗ್ತದೇನು?" ಇಬ್ಬರೂ ತಾವೇ ಗೆದ್ದೆವು ಅಂದುಕೊಂಡು ಬಂದೆವು.

ಕ್ರಿಸ್‌ಮಸ್ ಬಂತು, ಹೋಯಿತು. ಬೋಧಕರು ನಮ್ಮ ಕಡೆ ಮತ್ತೆ ಬರಲಿಲ್ಲ. ಸುಗ್ಗಿಯಲ್ಲಿ ಊರೆಲ್ಲ ಜೋಳ ಕೀಳುವಾಗ ಕಾಕಾ ಬೇರೆಯವರ ಹೊಲಕ್ಕೆ ಕೂಲಿಗೆ ಹೋದ. ಎತ್ತಿಗೆ ಕಣಕಿ ಇಲ್ಲದೆ ಒಂದನ್ನು ಮಾರಿದ. ಬೈಬಲ್ ಕಾಲದ ಥೆಸಲೋನಿಕ ಊರಿನ ಸಭೆಯಲ್ಲೂ ಹೀಗೇ ಕೆಲವರು ಕೆಲಸ ಬಿಟ್ಟು ತಿರುಗುತ್ತಿದ್ದರು, ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಅಂತ ಅಪೊಸ್ತಲ ಪೌಲನು ಅಲ್ಲಿಯವರಿಗೆ ಖಾರವಾಗಿ ಬರೆದಿದ್ದಾನೆ. ಆ ಪತ್ರವನ್ನು ಕಾಕಾನಿಗೆ ಓದಿ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಪತ್ರ ಓದಬೇಕಾದವನು ಅವನಲ್ಲ ಅಂತಲೂ ಅನಿಸಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಗಣಿತದಲ್ಲಿ 41.

ಇನ್ನೊಂದು ರಾತ್ರಿಯನ್ನು ಹೇಳಿಬಿಡುತ್ತೇನೆ. 1999ರ ಡಿಸೆಂಬರ್ 31. ನಾನು ಆಗ ಗುಲ್ಬರ್ಗಾದಲ್ಲಿ ಬಿ.ಕಾಂ ಓದುತ್ತಾ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ವೈಟುಕೆ ಮಾತು. ಹನ್ನೆರಡು ಹೊಡೆದ ಕೂಡಲೇ ಕಂಪ್ಯೂಟರುಗಳು 2000ವನ್ನು 1900 ಅಂದುಕೊಂಡು ಕೆಡುತ್ತವೆ, ಕರೆಂಟು ಹೋಗುತ್ತದೆ ಅಂತ. ಸಭೆಗಳಲ್ಲಿ ಬರೋಣದ ಮಾತು. ಎರಡೂ ಹೆದರಿಕೆಗಳನ್ನು ಹೊತ್ತುಕೊಂಡು ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಬೀದರಿಗೆ ಬಂದೆ. ವಾಚ್ ನೈಟ್, ಅಂದರೆ ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಮಾಡುವ ಆರಾಧನೆಯನ್ನು ನಮ್ಮವರೆಲ್ಲ ಹೊಸ ವರ್ಷದ ಹಬ್ಬದ ಹಾಗೆ ಮಾಡುತ್ತಾರೆ. ಅದನ್ನು ಮೆಥಡಿಸ್ಟರಲ್ಲಿ ಬೆಳೆಸಿದವನು ವೆಸ್ಲಿ. ಇಂಗ್ಲೆಂಡಿನ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆಯಲಿಕ್ಕೆ ಶುರುವಾದದ್ದು.

ಮಂಗಲಪೇಟೆಯ ಚರ್ಚು ತುಂಬಿತ್ತು. ಆಯಿ ಹೆಂಗಸರ ಕಡೆ, ಹಿಂದಿನ ಕಂಬದ ಹತ್ತಿರ ಕೂತಿದ್ದಳು. ಬೋರ್ಡಿಂಗ್ ಕೆಲಸ ಬಿಟ್ಟು ವರ್ಷವಾಗಿತ್ತು. ಕೈ ಎತ್ತಿ ನಮಸ್ಕಾರ ಮಾಡಿದೆ, ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿದಳು. ಹನ್ನೆರಡಕ್ಕೆ ಇನ್ನೇನು ಎರಡು ಮೂರು ನಿಮಿಷ ಇದ್ದಾಗ ಕರೆಂಟು ಹೋಯಿತು.

ಬೀದರಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಅವತ್ತು ಇಡೀ ಚರ್ಚು ಉಸಿರು ಹಿಡಿಯಿತು. ಒಬ್ಬರೂ ಕೆಮ್ಮಲಿಲ್ಲ. ಕತ್ತಲಲ್ಲಿ ಎಷ್ಟು ಹೊತ್ತು ಇದ್ದೆವೋ, ಯಾರೋ ಮೇಣದ ಬತ್ತಿ ಹಚ್ಚಿದರು. ನಾನು ತಿರುಗಿ ನೋಡಿದೆ.

ಕಂಬದ ಹತ್ತಿರ ಆಯಿ ಇರಲಿಲ್ಲ.

ನನಗೆ ಆಗ ಇಪ್ಪತ್ತೊಂದು ವರ್ಷ. ಡಾರ್ಬಿ, ಮಿಲ್ಲರ್, 2,300 ದಿನ ಎಲ್ಲ ಗೊತ್ತಿತ್ತು. ಆದರೂ ಎದೆ ಧಸಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಚರ್ಚಿನ ಹಿಂದುಗಡೆಯಿಂದ, ಆರಾಧನೆ ಮುಗಿದ ಮೇಲೆ ಕೊಡಲು ಚಹಾ ಇಟ್ಟಿದ್ದ ಕಡೆಯಿಂದ, ಪಾತ್ರೆಯ ಸದ್ದು ಬಂತು. ಅದರ ಹಿಂದೆಯೇ ದನಿ:

"ಹಾಲು ಉಕ್ಕಿ ಹೊಂಟಾದ, ಒಬ್ಬರಿಗೂ ಖಬರ್ ಇಲ್ಲ. ಬ್ಯಾಟ್ರಿ ತರ್ರೋ ಯಾರರ!"