ಚೆಕ್‌ಪೋಸ್ಟ್ ಇತ್ತು, ಕಾನೂನು ಇರಲಿಲ್ಲ

ನಾನು ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯವನು. ಸರ್ಕಾರ ಬಿದ್ದುಹೋದರೆ ಮಾತ್ರ ಅರಾಜಕತೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ. ಕಬ್ಬಿಣದ ಅದಿರಿನ ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ನಮ್ಮಲ್ಲಿ ತಹಸೀಲ್ದಾರರಿದ್ದರು, ಪೊಲೀಸರಿದ್ದರು, ಅರಣ್ಯ ಇಲಾಖೆ ಇತ್ತು, ಚೆಕ್‌ಪೋಸ್ಟೂ ಇತ್ತು. ಲಾರಿಗಳು ಮಾತ್ರ ಪರ್ಮಿಟ್ಟಿಗಿಂತ ಜಾಸ್ತಿ ಲೋಡು ತುಂಬಿಕೊಂಡು ರಾತ್ರಿ ಹಗಲು ಓಡುತ್ತಿದ್ದವು.

ಚೀನಾದಲ್ಲಿ ಬೇಡಿಕೆ ಏರಿತ್ತು, ಅದಿರಿಗೆ ಚಿನ್ನದ ಬೆಲೆ ಬಂದಿತ್ತು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೂ ಜನ ಅಗೆಸಿದರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೆಳೆ ಮೇಲೆಲ್ಲ ಕೆಂಧೂಳು ಕೂತ ಮೇಲೆ ರೈತ ಏನು ಮಾಡಬೇಕಿತ್ತು?

ನನ್ನನ್ನು ಹೆದರಿಸಿದ್ದು ಮನೆಗಳ ಒಳಗಿನ ಮಾತು. ಗಂಡಿನ ಕಡೆ ಹೊಲ ಎಷ್ಟಿದೆ ಅಂತ ವಿಚಾರಿಸುತ್ತಿದ್ದವರು ಟಿಪ್ಪರ್ ಎಷ್ಟಿವೆ ಅಂತ ಕೇಳತೊಡಗಿದರು. ಹೈಸ್ಕೂಲ್ ಹುಡುಗರು ಶಾಲೆ ಬಿಟ್ಟು ಕ್ಲೀನರ್ ಆದರು, ಮೇಷ್ಟ್ರಿಗಿಂತ ಜಾಸ್ತಿ ದುಡ್ಡು ಕಂಡರು. ಲಾರಿ ಹಾಯ್ದು ಯಾರಾದರೂ ಸತ್ತರೆ, ಠಾಣೆಗೆ ಹೋಗುವ ಮೊದಲೇ ಊರ ಹಿರಿಯರು ಕೂತು ರೇಟು ಮಾತಾಡುತ್ತಿದ್ದರು. ಹೆಣ ಇನ್ನೂ ರಸ್ತೆ ಬದಿಯಲ್ಲೇ ಇರುತ್ತಿತ್ತು. ಹಿಂದೆ ಇದೇ ಹಿರಿಯರು ಬೇರೆಯವರ ಬದು ಒತ್ತಿದವನನ್ನು ಕಟ್ಟೆಗೆ ಕರೆಸಿ ಛೀಮಾರಿ ಹಾಕುತ್ತಿದ್ದವರು.

ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1897ರಲ್ಲೇ ಇದನ್ನು ಗುರುತಿಸಿದ್ದ. ಬಡತನ ಎರಗಿದಾಗ ಮಾತ್ರವಲ್ಲ, ದುಡ್ಡು ದಿಢೀರನೆ ಹರಿದುಬಂದಾಗಲೂ ಸಮಾಜದ ಕಟ್ಟುಪಾಡು ಸಡಿಲವಾಗುತ್ತದೆ, ಆಸೆಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರೇ ಇರುವುದಿಲ್ಲ ಅಂದ. ಓದಿದಾಗ ನಮ್ಮೂರಿನ ಬಗ್ಗೆಯೇ ಬರೆದಂತೆ ಅನಿಸಿತು.

ನಮ್ಮ ಕಡೆಯ ಅದಿರು ಹಡಗೇರುತ್ತಿದ್ದ ಉತ್ತರ ಕನ್ನಡದ ಬೇಲೆಕೇರಿ ಬಂದರಿನ ಕಥೆ ನೋಡಿ. 2010ರಲ್ಲಿ ಅರಣ್ಯಾಧಿಕಾರಿಗಳು ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯಿತು. ಅದು ಜೇಬಿನಲ್ಲಿ ಇಟ್ಟುಕೊಂಡು ಹೋಗುವ ವಸ್ತುವಲ್ಲ. ಎತ್ತಿದವರು, ತೂಗಿದವರು, ಕಾಗದ ಬರೆದವರು, ಎಲ್ಲರೂ ಇದ್ದರಲ್ವಾ?

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದು ಲೆಕ್ಕ ಹಾಕಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಬೇಲೆಕೇರಿ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಲು 2024ರ ಅಕ್ಟೋಬರ್ ಬರಬೇಕಾಯಿತು, ಮರುತಿಂಗಳೇ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು.

ಶಾಲೆ ಬಿಟ್ಟ ಆ ಹುಡುಗರಿಗೆ ಈಗ ಮೂವತ್ತು ದಾಟಿದೆ. ಕೆಲವರ ಟಿಪ್ಪರ್‌ಗಳನ್ನು ಫೈನಾನ್ಸಿನವರು ಎಳೆದೊಯ್ದರು. ಅವರ ಮಕ್ಕಳು ಈಗ ಅದೇ ಶಾಲೆಗೆ ಹೋಗುತ್ತಾರೆ. ಗಣಿಗಳು ಮತ್ತೆ ನಡೆಯುತ್ತಿವೆ. ಲೆಕ್ಕ ಬಿಗಿಯಾಗಿದೆ ಅನ್ನುತ್ತಾರೆ, ಇರಬಹುದು. ಆದರೆ ಕಟ್ಟೆಯ ಮೇಲೆ ಕೂತು "ಇದು ತಪ್ಪು ಕಣಯ್ಯಾ" ಅನ್ನುವ ಹಿರಿಯರನ್ನು ಯಾವ ಕೋರ್ಟೂ ನಮ್ಮೂರಿಗೆ ವಾಪಸ್ ಕೊಡಿಸಿಲ್ಲ.