34 ಸಾಲಿನ ಚೆಕ್‌ಪೋಸ್ಟ್

ಬಳ್ಳಾರಿ, 10 ಮಾರ್ಚ್ 2024, ಭಾನುವಾರ

ಇವತ್ತು ಲಾರಿ ಆಫೀಸಿನಲ್ಲಿ ಕೆಲಸ ಕಡಿಮೆ. ಭಾನುವಾರ ಲೋಡ್ ಬರೋದೇ ಅಪರೂಪ. ಬಿಸಿಲು ಮಾತ್ರ ರಜೆ ತಗೊಂಡಿಲ್ಲ. ಶಿವರಾತ್ರಿ ಮುಗಿದು ಎರಡು ದಿನ ಆಗಿಲ್ಲ, ಆಗಲೇ ಫ್ಯಾನ್ ಬಿಸಿ ಗಾಳಿ ಬೀಸುತ್ತಿದೆ.

ಹತ್ತು ಗಂಟೆ ಸುಮಾರಿಗೆ ಅಮೆರಿಕದ ಸ್ಯಾನ್ ಡಿಯಾಗೋದಿಂದ ಮಗಳ ಫೋನ್ ಬಂತು. ಅಲ್ಲಿ ಇನ್ನೂ ಶನಿವಾರ ರಾತ್ರಿ. ಅಳಿಯಂದಿರ ಹಲ್ಲು ತೋರಿಸೋಕೆ ಇಬ್ಬರೂ ಟಿಹುವಾನಾಗೆ ಹೋಗಿ ಬಂದಿದ್ದರಂತೆ. ಟಿಹುವಾನಾ ಮೆಕ್ಸಿಕೋದ ಊರು, ಗಡಿ ದಾಟಿದರೆ ಅದೇ. ಅಮೆರಿಕದಲ್ಲಿ ಹಲ್ಲಿನ ಡಾಕ್ಟರ್ ಬಿಲ್ ನೋಡಿದರೆ ಗಟ್ಟಿ ಇರೋ ಹಲ್ಲೂ ಅಲ್ಲಾಡುತ್ತದೆ. ಹಾಗಾಗಿ ಆ ಕಡೆಯ ಜನ ಹಲ್ಲಿಗೆ, ಕಣ್ಣಿಗೆ, ಔಷಧಿಗೆ ಅಂತ ಮೆಕ್ಸಿಕೋಗೆ ಹೋಗೋದು ಮಾಮೂಲು. ಹೋಗುವಾಗ ತಡ ಆಗಲಿಲ್ಲವಂತೆ. ಬರುವಾಗ ಗಡಿಯ ಗೇಟಿನಲ್ಲಿ ಪಾಳಿ ಹಚ್ಚಿ ಕಾರಿನಲ್ಲಿ ಮೂರು ತಾಸಿನ ಮೇಲೆ ಕೂತಿದ್ದರಂತೆ.

"ಅಪ್ಪಾ, ಹಲ್ಲಿಗಿಂತ ಈ ಪಾಳೀನೇ ಜಾಸ್ತಿ ಹಿಂಸೆ ಆತು" ಅಂದಳು.

"ಅಷ್ಟೊಂದು ದುಡ್ಡು ಸುರಿದು ಆ ಗೇಟು ಹೊಸದಾಗಿ ಕಟ್ಟಿದ್ರಲ್ಲವ್ವಾ, ಇನ್ನೂ ಹಂಗೇ ಐತೇನು?" ಅಂದೆ.

"ಕಟ್ಟಿದ್ದೇನೋ ಛಲೋ ಐತಿ. ಒಳಗೆ ಕೂರೋರು ಬೇಕಲ್ಲ" ಅಂದಳು.

ಆ ಮಾತು ಮಧ್ಯಾಹ್ನದ ತನಕ ತಲೆಯಲ್ಲೇ ಇತ್ತು. ಲಾರಿ ಧಂಧೆಯವನಿಗೆ ಗಡಿ, ನಾಕಾ, ಪಾಳಿ ಅಂದರೆ ಕಿವಿ ನೆಟ್ಟಗಾಗುತ್ತದೆ. 2018ರಲ್ಲಿ ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ ಆ ಗಡಿಯನ್ನು ನೋಡಿದ್ದೆ. ಆಗಿನಿಂದ ಅದರ ಸುದ್ದಿ ಎಲ್ಲಿ ಸಿಕ್ಕರೂ ಓದುತ್ತೇನೆ. ಮನೆಯವಳಿಗೆ ಇದು ನಗು. "ನಿಮಗೆ ಡಿಸ್ನಿಲ್ಯಾಂಡ್ ನೆನಪಿಲ್ಲ, ಚೆಕ್‌ಪೋಸ್ಟ್ ನೆನಪೈತಿ" ಅನ್ನುತ್ತಾಳೆ.

ಅದರ ಹೆಸರು ಸ್ಯಾನ್ ಇಸಿಡ್ರೋ. ಅಮೆರಿಕ ಖಂಡಗಳ ಭೂಗಡಿಗಳಲ್ಲಿ ಅತಿ ಹೆಚ್ಚು ಜನ ದಾಟುವ ಜಾಗ ಅದು. ಮೆಕ್ಸಿಕೋದಿಂದ ಅಮೆರಿಕದ ಕಡೆಗೆ ದಿನಕ್ಕೆ ಸುಮಾರು 70,000 ಜನ ವಾಹನದಲ್ಲಿ ಬರುತ್ತಾರೆ, ಇನ್ನೊಂದು 20,000 ಜನ ನಡೆದು ಬರುತ್ತಾರೆ. ಇವರೆಲ್ಲ ಊರು ನೋಡೋಕೆ ಬರೋರು ಅಂದುಕೊಂಡರೆ ತಪ್ಪು. ಟಿಹುವಾನಾದಲ್ಲಿ ಬಾಡಿಗೆ ಕಡಿಮೆ, ಸ್ಯಾನ್ ಡಿಯಾಗೋದಲ್ಲಿ ಕೂಲಿ ಜಾಸ್ತಿ. ಹೋಟೆಲ್ ಅಡುಗೆಯವರು, ಗಾರೆ ಕೆಲಸದವರು, ಮನೆಗೆಲಸದವರು, ಶಾಲೆ ಕಾಲೇಜಿನ ಮಕ್ಕಳು, ಎಲ್ಲ ಬೆಳಗಿನ ಜಾವವೇ ಎದ್ದು ಪಾಳಿ ಹಚ್ಚುತ್ತಾರೆ. ನಮ್ಮೂರಿಂದ ತೋರಣಗಲ್ಲಿಗೆ ದಿನಾ ಡ್ಯೂಟಿಗೆ ಹೋಗಿ ಬರುವವರ ಹಾಗೆಯೇ ಅವರು, ನಡುವೆ ಎರಡು ದೇಶ ಇವೆ ಅಷ್ಟೆ.

ಹಳೇ ಗೇಟು 1970ರ ದಶಕದ್ದು. 24 ಸಾಲು ಇತ್ತು. ಅದು ಸಾಲದೇ ಬಂದಾಗ ಮೂರು ಹಂತದಲ್ಲಿ ಕೆಡವಿ ಕಟ್ಟೋಕೆ ಶುರು ಮಾಡಿದರು. ಕೆಲಸ ಮುಗಿದದ್ದು 2019ರ ಕೊನೆಗೆ. ಖರ್ಚು 74.1 ಕೋಟಿ ಡಾಲರ್, ಆಗಿನ ನಮ್ಮ ಲೆಕ್ಕದಲ್ಲಿ 5,000 ಕೋಟಿ ರೂಪಾಯಿಗೂ ಮೇಲೆ. ಈಗ ಬಡಗಣ ಕಡೆಗೆ, ಅಂದರೆ ಅಮೆರಿಕಕ್ಕೆ ಬರೋರಿಗೆ, 34 ಸಾಲು. ಒಂದೇ ಸಾಲಿನಲ್ಲಿ ಹಿಂದೊಂದು ಮುಂದೊಂದು ಬೂತ್ ಇಟ್ಟಿದ್ದಾರೆ. ಎರಡು ಕಾರನ್ನು ಒಟ್ಟಿಗೇ ತಪಾಸಣೆ ಮಾಡಿ ಒಟ್ಟಿಗೇ ಬಿಡಬಹುದು. ಹಾಗಾಗಿ ಬೂತ್‌ಗಳ ಲೆಕ್ಕ 60 ದಾಟುತ್ತದೆ. ಇದನ್ನು ಮೊದಲು ಕೇಳಿದಾಗ ನನಗೆ ಭಾರಿ ಖುಷಿಯಾಗಿತ್ತು. ಜಾಗ ಅಗಲ ಮಾಡೋಕೆ ಆಗದಿದ್ದರೆ ಉದ್ದಕ್ಕೆ ಹೋಗು. ನಮ್ಮ ಟೋಲ್‌ನವರಿಗೆ ಯಾಕೆ ಹೊಳೆಯಲಿಲ್ಲವೋ!

ಆದರೆ ಕಟ್ಟುತ್ತಿದ್ದ ಹತ್ತು ವರ್ಷ ಗಡಿ ದಾಟುವವರ ಪಾಡು ಏನು? ಗೇಟ್ ಮುಚ್ಚಿ ಕೆಲಸ ಮಾಡೋ ಹಾಗಿಲ್ಲ. ಕೆಳಗೆ ಕಾರು ಓಡುತ್ತಲೇ ಇರಬೇಕು, ಅದರ ತಲೆ ಮೇಲೆ ಹೊಸ ಚಾವಣಿ ಏಳಬೇಕು. 2011ರ ಸೆಪ್ಟೆಂಬರ್‌ನಲ್ಲಿ ಚಾವಣಿಗೆ ಕಟ್ಟಿದ್ದ ಅಟ್ಟಣಿಗೆ ಕುಸಿದು ಕಾರುಗಳ ಮೇಲೇ ಬಿತ್ತು. ಹತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ಬಡಗಣ ಕಡೆಯ ಸಾಲೆಲ್ಲ ಬಂದ್. ಆ ಹೊತ್ತಿಗೆ ಗೇಟಿನ ಹಿಂದೆ ನಿಂತಿದ್ದವರು ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಘಾಟಿಯಲ್ಲಿ ಲಾರಿ ಪಲ್ಟಿಯಾದಾಗ ಹಿಂದೆ ಸಿಕ್ಕಿಹಾಕಿಕೊಂಡ ಡ್ರೈವರ್‌ಗಳನ್ನು ಕೇಳಿ, ಹೇಳುತ್ತಾರೆ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಗಡಿಗೆ ಎರಡು ಮಗ್ಗುಲು ಇರುತ್ತದಲ್ಲ. ಮೆಕ್ಸಿಕೋದವರು ತಮ್ಮ ಪಾಲಿನ ಗೇಟನ್ನು ಎಲ್ ಚಪರಾಲ್ ಅನ್ನುವ ಜಾಗದಲ್ಲಿ, ಹಳೆಯದಕ್ಕಿಂತ ಪಡುವಣಕ್ಕೆ ಸರಿಸಿ, 2012ರಲ್ಲಿ ತೆರೆದುಬಿಟ್ಟರು. ದೊಡ್ಡ ಗೇಟು, 20ಕ್ಕೂ ಹೆಚ್ಚು ಸಾಲು. ಅಮೆರಿಕದ ಹೆದ್ದಾರಿ ಮಾತ್ರ ಇನ್ನೂ ಹಳೇ ಗೇಟಿನ ಎದುರಿಗೇ ಬಂದು ನಿಂತಿತ್ತು. ನಡುವೆ ಒಂದು ತಾತ್ಕಾಲಿಕ ತಿರುವು ಹಾಕಿ ಜೋಡಿಸಿದರು. ಐದು ಸಾಲಿನಲ್ಲಿ ಬಂದ ಕಾರು ಹಾವಿನ ಹಾಗೆ ತಿರುಗಿ ಆ ದೊಡ್ಡ ಗೇಟಿಗೆ ಹೋಗಬೇಕು. ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವರಿಗೆ ಅಲ್ಲೂ ಪಾಳಿ. ಹೆದ್ದಾರಿಯನ್ನು ನೆಟ್ಟಗೆ ಮಾಡಿ, ಸಾಲನ್ನು ಹತ್ತಕ್ಕೆ ಏರಿಸಿದ್ದು ಕೊನೇ ಹಂತದಲ್ಲಿ. ಅಷ್ಟು ವರ್ಷ ಎರಡು ಸರ್ಕಾರಗಳ ನಡುವಿನ ಆ ಸೊಟ್ಟ ರಸ್ತೆಯಲ್ಲಿ ಸ್ಟೇರಿಂಗ್ ತಿರುಗಿಸಿದವರು ಜನ.

2017ರ ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಭಾನುವಾರ ಮೆಕ್ಸಿಕೋ ಕಡೆಗೆ ಹೋಗುವ ಹೆದ್ದಾರಿಯನ್ನೇ ಕೆಲಸಕ್ಕಾಗಿ ಬಂದ್ ಮಾಡಿದ್ದರು. ಹೋಗಲೇಬೇಕಾದರೆ ಮೂಡಣಕ್ಕಿರುವ ಒಟಾಯ್ ಮೆಸಾ ಗೇಟಿನಿಂದ ಹೋಗಿ, ಇಲ್ಲ ಅಂದರೆ ನಡೆದು ದಾಟಿ ಅಂತ ಮೊದಲೇ ಸಾರಿದ್ದರು. ಮೊದಲೇ ಹೇಳೋದು ದೊಡ್ಡ ವಿಷಯ. ಇಲ್ಲಿ ಪೈಪ್‌ಲೈನ್ ಹಾಕೋಕೆ ರಸ್ತೆ ಅಗೆದದ್ದು ನಮಗೆ ಗೊತ್ತಾಗೋದು ಬೈಕಿನ ಮುಂದಿನ ಗಾಲಿ ಅದರೊಳಗೆ ಇಳಿದಾಗ.

2018ರಲ್ಲಿ ನಾವು ಹೋದದ್ದು ನಡೆದೇ. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಅಳಿಯಂದಿರು ಟ್ರಾಲಿಯಲ್ಲಿ ಕರೆದುಕೊಂಡು ಹೋದರು. ಕೆಂಪು ಬಣ್ಣದ ರೈಲು ಅದು, ನೀಲಿ ಲೈನು ಅಂತಾರೆ. ಕೊನೇ ಸ್ಟೇಷನ್ ಸ್ಯಾನ್ ಇಸಿಡ್ರೋ. ಇಳಿದು ಒಂದಿಷ್ಟು ಹೆಜ್ಜೆ ಹಾಕಿದರೆ ಗಡಿ. ನಡೆಯುವವರಿಗೆ ಅಂತ ಪೆಡ್‌ಈಸ್ಟ್ ಅನ್ನುವ ಹೊಸ ಕಟ್ಟಡವನ್ನು ಅದೇ ಆಗಸ್ಟ್‌ನಲ್ಲಿ ತೆರೆದಿದ್ದರು. ಇನ್ನೂ ಬಣ್ಣದ ವಾಸನೆ. ಅದಕ್ಕೂ ಎರಡು ವರ್ಷ ಮೊದಲು, 2016ರ ಜುಲೈನಲ್ಲಿ, ಪಡುವಣ ಮಗ್ಗುಲಲ್ಲಿ ಪೆಡ್‌ವೆಸ್ಟ್ ಅನ್ನುವ ಇನ್ನೊಂದು ದಾರಿ ತೆರೆದಿತ್ತು. ನಡೆಯುವವರಿಗೆ ಎರಡು ಬಾಗಿಲು ಮಾಡಿದರಲ್ಲ, ಅದನ್ನು ನೋಡಿ ನನಗೆ ಗೌರವ ಬಂತು. ನಮ್ಮಲ್ಲಿ ರಸ್ತೆ ಅಗಲ ಮಾಡಿದರೆ ಮೊದಲು ಹೋಗೋದು ಫುಟ್‌ಪಾತ್, ಅಲ್ವಾ?

ನನ್ನ ಮೊದಲ ಪ್ರಶ್ನೆ, "ಲಾರಿ ಎಲ್ಲಿ?" ಒಂದೂ ಕಾಣಲಿಲ್ಲ. ಸರಕು ಲಾರಿ ಸ್ಯಾನ್ ಇಸಿಡ್ರೋದಲ್ಲಿ ಬಿಡೋದೇ ಇಲ್ಲ, ಎಲ್ಲ ಒಟಾಯ್ ಮೆಸಾಗೆ ಹೋಗಬೇಕು ಅಂದರು ಅಳಿಯಂದಿರು. ಒಳ್ಳೇ ಪದ್ಧತಿ ಅಂದೆ. ಕಾರಿನವನು ಲಾರಿಯವನನ್ನು ಬೈಯೋದು ತಪ್ಪಿತು.

ವಾಪಸ್ ಬರುವಾಗ ಟಿಹುವಾನಾ ಬೀದಿಯಲ್ಲಿ ನಿಂತ ಪಾಳಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮಗ್ಗುಲಲ್ಲೇ ಕಾರುಗಳ ಸಾಲು. ಆ ಸಾಲುಗಳ ನಡುವೆ ಒಂದು ಬಜಾರೇ ನಡೆಯುತ್ತದೆ. ಚುರ್ರೋ ಅನ್ನುವ ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ, ತಮಾಲೆ ಅನ್ನುವ ಮೆಕ್ಕೆಜೋಳದ ಕಡುಬು, ಕಂಬಳಿ, ಬಣ್ಣ ಬಳಿದ ಗೊಂಬೆ, ತಣ್ಣಗಿನ ನೀರು. ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸರು ಕಿಟಕಿಯಿಂದ ಕಿಟಕಿಗೆ ಹೋಗುತ್ತಾರೆ. ಪಾಳಿ ಉದ್ದ ಇದ್ದರೆ ಅವರಿಗೆ ಊಟ. ಪಾಳಿ ಕರಗಿದರೆ? ಈ ಪ್ರಶ್ನೆ ನನಗೆ ಹೊಸದಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ರಾಜ್ಯದ ಗಡಿಗಳ ತೆರಿಗೆ ಚೆಕ್‌ಪೋಸ್ಟ್ ಎತ್ತಿದಾಗ ನಾವು ಲಾರಿಯವರು ಸಿಹಿ ಹಂಚಿದೆವು. ಆಂಧ್ರದ ರಸ್ತೆಯಲ್ಲಿ ರಾತ್ರಿಯೆಲ್ಲ ಚಹಾ, ಮಂಡಕ್ಕಿ ಒಗ್ಗರಣಿ ಮಾರುತ್ತಿದ್ದ ಗೂಡಂಗಡಿಯವನು ಆರು ತಿಂಗಳಲ್ಲಿ ಅಂಗಡಿ ಕಿತ್ತ. ಅವನಿಗೆ ಸಿಹಿ ಕೊಡೋಕೆ ನಮಗೆ ಮುಖ ಇರಲಿಲ್ಲ.

ಆ ಕಾಲದ ಚೆಕ್‌ಪೋಸ್ಟ್ ಬಲ್ಲವರಿಗೆ ಮಗಳ ಮಾತು ತಕ್ಷಣ ಅರ್ಥವಾಗುತ್ತದೆ. ಕೌಂಟರ್ ನಾಲ್ಕಿದ್ದರೂ ಸೀಲ್ ಹೊಡೆಯುವವನು ಒಬ್ಬನೇ ಇದ್ದರೆ ಅದು ಒಂದೇ ಕೌಂಟರು. ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಷೆಡ್ಡಿನ ಅಗಲದ ಮೇಲೆ ಇರಲಿಲ್ಲ, ಆ ಹೊತ್ತಿನ ಡ್ಯೂಟಿಗೆ ಬಂದ ಗುಮಾಸ್ತನ ಮೇಲೆ ಇತ್ತು. ಸ್ಯಾನ್ ಇಸಿಡ್ರೋ ಲೆಕ್ಕವೂ ಇದೇ. ಬೂತ್ 60 ಇರಬಹುದು. ಅಷ್ಟರಲ್ಲೂ ಹಗಲು ರಾತ್ರಿ ಅಧಿಕಾರಿ ಕೂತಿದ್ದರೆ ಮಾತ್ರ ಆ ದುಡ್ಡಿನ ಫಲ ಸಿಗೋದು. ಕಟ್ಟೋಕೆ ಒಂದು ಸಲ ದುಡ್ಡು ಸಾಕು, ಸಂಬಳ ತಿಂಗಳು ತಿಂಗಳು ಬೇಕು. ಕಟ್ಟಡಕ್ಕೆ ರಿಬ್ಬನ್ ಕತ್ತರಿಸುತ್ತಾರೆ. ಹೊಸ ನೌಕರ ಕುರ್ಚಿಯಲ್ಲಿ ಕೂತದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ.

ಸಾಲುಗಳಲ್ಲೂ ಜಾತಿ ಇದೆ. ಮೊದಲೇ ಅರ್ಜಿ ಹಾಕಿ, ಫೀಸು ಕಟ್ಟಿ, ವಿಚಾರಣೆ ಮುಗಿಸಿಕೊಂಡವರಿಗೆ ಸೆಂಟ್ರಿ ಸಾಲು. ಅವರು ಸರಾಗ ದಾಟುತ್ತಾರೆ. ಚಿಪ್ ಇರುವ ಕಾರ್ಡಿನವರಿಗೆ ರೆಡಿ ಲೇನ್. ಉಳಿದವರಿಗೆ ಸಾಮಾನ್ಯ ಸಾಲು. ಆಸ್ಪತ್ರೆಗೆ ಬಂದವರಿಗೆ ಅಂತ ಟಿಹುವಾನಾ ಕಡೆಯಿಂದ ಬೇರೆ ಸಾಲೂ ಇದೆ, ಡಾಕ್ಟರ್ ಪಾಸು ಕೊಟ್ಟರೆ ಅದರಲ್ಲಿ ಹೋಗಬಹುದು. ನಮ್ಮ ಅಳಿಯಂದಿರು ಪಾಸು ಕೇಳೋದನ್ನೇ ಬಿಟ್ಟು ಬಂದಿದ್ದಾರೆ. ಇದನ್ನು ಕೇಳಿ ನನ್ನ ಹೆಂಡತಿ, "ಬಾಯಿ ತುಂಬ ಹತ್ತಿ ಇಟ್ಟುಕೊಂಡು ಹೆಂಗ್ ಕೇಳ್ತಾರ್ರಿ" ಅಂತ ಅವರ ಪರ ವಕಾಲತ್ತು ಹಿಡಿದಳು. ಅಳಿಯನ ವಿಷಯದಲ್ಲಿ ಅವಳ ಕೋರ್ಟಿನಲ್ಲಿ ನನಗೆ ಜಾಮೀನು ಸಿಗೋದಿಲ್ಲ.

ಅವಳ ತವರು ರಾಯದುರ್ಗ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ, ಆದೋನಿ, ಆಲೂರು ಆಂಧ್ರದ ಕಡೆ ಉಳಿದವು. ಅರ್ಧ ನೆಂಟಸ್ತನ ಗಡಿಯಾಚೆ. ದಿನಾ ದಾಟಿ ದಾಟಿ ಗಡಿ ಅನ್ನೋದೇ ಮರೆತಿದ್ದೆವು. 2020ರ ಲಾಕ್‌ಡೌನಿನಲ್ಲಿ ನೆನಪು ಮಾಡಿಕೊಟ್ಟರು. ರಸ್ತೆಗೆ ಅಡ್ಡ ಮಣ್ಣು ಸುರಿದಿದ್ದರು. ಅವಳ ಅಣ್ಣನ ಮನೆಗೆ ಹೋಗೋಕೆ ಪಾಸು ಬೇಕಿತ್ತು.

ಅಮೆರಿಕದ ಆ ಗಡಿಯಲ್ಲಿ ಅದೇ ಸಮಯಕ್ಕೆ ಆದದ್ದು ಇನ್ನೂ ಕಠಿಣ. 2020ರ ಮಾರ್ಚ್‌ನಿಂದ 2021ರ ನವೆಂಬರ್ ತನಕ, ಅಗತ್ಯ ಕೆಲಸ ಇಲ್ಲದ ಹೊರದೇಶದವರು ರಸ್ತೆ ಗಡಿ ದಾಟಿ ಅಮೆರಿಕಕ್ಕೆ ಬರುವ ಹಾಗಿರಲಿಲ್ಲ. ಟೂರಿಸ್ಟ್ ವೀಸಾ ಇರುವ ಮೆಕ್ಸಿಕೋದವರು ಅಂಗಡಿಗೆ, ಮಗಳ ಮನೆಗೆ, ಮೊಮ್ಮಗುವಿನ ನಾಮಕರಣಕ್ಕೆ ಬರುವಂತಿಲ್ಲ. ಸ್ಯಾನ್ ಇಸಿಡ್ರೋ ಬೀದಿಯ ಅಂಗಡಿಗಳು ನಡೆಯೋದೇ ಆ ಕಡೆಯ ಗಿರಾಕಿಯಿಂದ. ಎಷ್ಟೋ ಬಾಗಿಲು ಹಾಕಿದವು. ಯೋಚನೆ ಮಾಡಿ, 2019ರ ಕೊನೆಗೆ ಕಟ್ಟಿ ಮುಗಿಸಿದ ಗೇಟಿನಲ್ಲಿ ನಾಲ್ಕೇ ತಿಂಗಳಿಗೆ ಜನ ಕಡಿಮೆಯಾದರು.

ಪೆಡ್‌ವೆಸ್ಟ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಕೊರೊನಾ ಬಂದಾಗ ಮುಚ್ಚಿದ್ದು, 2021ರಲ್ಲಿ ಗಡಿ ತೆರೆದರೂ ತೆರೆಯಲಿಲ್ಲ. 2023ರ ಜನವರಿಯಲ್ಲಿ ದಿನಕ್ಕೆ ಕೆಲವು ಗಂಟೆ ಮಾತ್ರ ಅಂತ ಶುರು ಮಾಡಿದರು. ಅದೇ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ಹಾಕಿದರು. ಗಡಿಯ ಬೇರೆ ಕಡೆ ವಲಸೆ ಬಂದವರ ಗದ್ದಲ, ಸಿಬ್ಬಂದಿಯನ್ನು ಅಲ್ಲಿಗೆ ಕಳಿಸಬೇಕಾಯಿತು ಅನ್ನೋದು ಕಾರಣ. ಕಾರಣ ಸುಳ್ಳಲ್ಲ. ಆದರೆ ಎರಡು ಬಾಗಿಲಿನ ಜನ ಈಗ ಒಂದೇ ಬಾಗಿಲಿಗೆ ಪಾಳಿ ಹಚ್ಚುತ್ತಾರೆ. ಕಾರಿನವನು ಕೂತು ಕಾಯುತ್ತಾನೆ, ಎಸಿ ಹಾಕಿಕೊಳ್ಳುತ್ತಾನೆ. ನಡೆಯುವವರು ನಿಂತೇ ಇರಬೇಕು.

ಈಗ ಮೂಡಣಕ್ಕೆ ಒಟಾಯ್ ಮೆಸಾ ಈಸ್ಟ್ ಅನ್ನುವ ಹೊಸ ಗಡಿ ಗೇಟು ಕಟ್ಟುತ್ತಿದ್ದಾರೆ. ಅಲ್ಲಿ ಟೋಲ್ ಕಟ್ಟಿ ದಾಟಬೇಕು. ಪಾಳಿ ಉದ್ದ ಆದಂತೆ ಟೋಲ್ ಏರುತ್ತದೆ, ಆಗ ಕೆಲವರು ಬೇರೆ ಗೇಟಿಗೆ ಹೋಗುತ್ತಾರೆ, ಪಾಳಿ ಹಿಡಿತದಲ್ಲಿ ಇರುತ್ತದೆ ಅನ್ನೋದು ಅವರ ಲೆಕ್ಕ. ಲಾರಿಯವನಾಗಿ ಕೇಳಿದರೆ ನಾನು ಕಣ್ಣು ಮುಚ್ಚಿ ಕಟ್ಟುತ್ತೇನೆ. ಎರಡು ತಾಸು ನಿಂತಲ್ಲೇ ಸುಡುವ ಡೀಸೆಲ್, ಡ್ರೈವರ್ ಭತ್ಯೆ, ತಪ್ಪಿಹೋದ ಮುಂದಿನ ಲೋಡು, ಇದರ ಮುಂದೆ ಟೋಲ್ ಲೆಕ್ಕವೇ ಅಲ್ಲ. ಬೆಳಗಿನ 3 ಗಂಟೆಗೆ ಎದ್ದು, ಹೋಟೆಲಿನ ಹಾಸಿಗೆ ಜೋಡಿಸೋಕೆ ನಡೆದು ಬರುವ ಹೆಂಗಸಿಗೆ ಆ ಗೇಟಿನಿಂದ ಏನೂ ಇಲ್ಲ. ಅವಳಿಗೆ ಬೇಕಾದ ಬಾಗಿಲು 2016ರಲ್ಲೇ ಕಟ್ಟಿ ಆಗಿದೆ. ಒಳಗೆ ಕೂರೋಕೆ ಒಂದಿಷ್ಟು ಜನ ಬೇಕು, ಅಷ್ಟೆ.