ನೇತ್ರಾಣಿಯ ಕಥೆ: ಕೆಂಪು ಕೊನೆಗೂ ಕಾಣಿಸಿತು

ನೇತ್ರಾಣಿ ದ್ವೀಪದ ಬುಡದಲ್ಲಿ ನಡೆಯುವ ನನ್ನ ಪ್ರೇಮಕಥೆಯಲ್ಲಿ ಬಹುಕಾಲದಿಂದ ಬಿಗಿದುಕೊಂಡಿದ್ದ ಗಂಟು ಈ ವಾರ ಬಿಚ್ಚಿಕೊಂಡಿದೆ. ಪಾತ್ರಗಳ ಹಿನ್ನೆಲೆ, ಘಟನೆಗಳ ಕ್ರಮ, ನಿರೂಪಣೆಯ ಧಾಟಿ ಮೊದಲಾದವುಗಳನ್ನು ಕಥೆ ಬರೆಯುವ ಗೆಳೆಯರಿಗೆ ವಿವರಿಸಬೇಕಾಗಿಲ್ಲ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಮುರ್ಡೇಶ್ವರದಿಂದ ದೋಣಿಯಲ್ಲಿ ಬಂದು 20 ಮೀಟರ್ ಆಳಕ್ಕೆ ಇಳಿಯುವ ಸ್ಕೂಬಾ ತರಬೇತುದಾರ್ತಿ ಸುಮತಿಗೆ, ಬಂಡೆಯ ಬಿರುಕಿನಲ್ಲಿ ಶತಮಾನಗಳಿಂದ ಬದುಕಿರುವ ನನ್ನ ನಾಯಕ, ಆ ಕಡಲಜೀವಿ, ತನ್ನ ಪ್ರೀತಿಯನ್ನು ತಿಳಿಸುವುದು ಹೇಗೆ?

ಮಾತಿನಿಂದ ಆಗದು. ಸುಮತಿಯ ಬಾಯಲ್ಲಿ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ಸಾಧನ, ಇರುತ್ತದೆ. ಅವನು ದನಿ ಹೊರಡಿಸಿದರೂ, ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್, ಅಂದರೆ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ವೇಗದಲ್ಲಿ ಸಾಗಿ ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ, ಅದು ಯಾವ ದಿಕ್ಕಿನಿಂದ ಬಂತೆಂದು ಅವಳಿಗೆ ತಿಳಿಯುವುದು ಕಷ್ಟ. ಭಯ ಹುಟ್ಟಿಸಬೇಕಾದ ಮೊದಲ ಪುಟಕ್ಕೆ ಇದು ವರವೇ ಸರಿ. ಎಲ್ಲ ಕಡೆಯಿಂದಲೂ ಕೇಳಿಬರುವ ಕರೆಯೊಂದರಿಂದ ಕಥೆ ಶುರುವಾಗುತ್ತದೆ. ಆದರೆ ಪ್ರೇಮಕ್ಕೆ ಎದುರುಬದುರು ನಿಲ್ಲಬೇಕು. ಮನಸ್ಸಿನಿಂದ ಮನಸ್ಸಿಗೆ ಮಾತು ದಾಟಿಸುವ ಅತೀಂದ್ರಿಯ ಶಕ್ತಿಯನ್ನು ಅವನಿಗೆ ಕೊಟ್ಟುಬಿಡಬಹುದಿತ್ತು. ಈ ಬಗೆಯ ಕಥೆಗಳಲ್ಲಿ ಅದು ತೀರ ಸವೆದ ದಾರಿ, ಮತ್ತು ಕಡಲನ್ನು ಬರಿಯ ಹಿಂಪರದೆಯನ್ನಾಗಿ ಮಾಡಿಬಿಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಚರ್ಮದ ಮೊರೆಹೊಕ್ಕೆ. ನಮ್ಮ ಕರಾವಳಿಯ ಬಲೆಗಳಿಗೆ ಬೀಳುವ ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ವಂಶದವನು ಅವನು: ಮೂರು ಹೃದಯಗಳು, ತಾಮ್ರದ ಅಂಶದಿಂದ ನೀಲಿಯಾದ ರಕ್ತ, ಡಬ್ಲ್ಯು ಆಕಾರದ ಕಣ್ಣುಪಾಪೆ. ಚರ್ಮದೊಳಗಿನ ಬಣ್ಣದ ಚೀಲಗಳನ್ನು ನರಗಳ ಆಜ್ಞೆಯಂತೆ ಸ್ನಾಯುಗಳು ಹಿಗ್ಗಿಸುವುದರಿಂದ ಕ್ಷಣಾರ್ಧದಲ್ಲಿ ಮೈಬಣ್ಣ ಬದಲಾಗುತ್ತದೆ. ಅವನು ಕೆಂಪೇರಲಿ ಎಂದುಕೊಂಡೆ. ಭೌತಶಾಸ್ತ್ರ ಅಡ್ಡ ಬಂತು. ನೀರು ಕೆಂಪು ಬೆಳಕನ್ನು ಉಳಿದ ಬಣ್ಣಗಳಿಗಿಂತ ಬೇಗ ಹೀರಿಕೊಳ್ಳುವುದರಿಂದ ಅಷ್ಟು ಆಳದಲ್ಲಿ ಕೆಂಪು ವಸ್ತುವೆಲ್ಲ ಕಪ್ಪುಬೂದು.

ಇದನ್ನು ಕಣ್ಣಾರೆ ಕಾಣಲೆಂದು ನಾಟಕದ ದೀಪಗಳಿಗೆ ಹಾಕುವ ಗಾಢನೀಲಿ ಜೆಲಟಿನ್ ಹಾಳೆಗಳನ್ನು ತರಿಸಿದೆ. ಅಂಗಡಿಯವರು ಮೊದಲು ಆಕಾಶನೀಲಿ ಕಳುಹಿಸಿದರು, ಬದಲಾಯಿಸಿಕೊಡಲು ಸತಾಯಿಸಿದರು, ಕೊನೆಗೆ ಕಳುಹಿಸಿದ್ದನ್ನೂ ನಾಲ್ಕು ಮಡಿಕೆ ಮಾಡಿ ಹಾಳುಗೆಡವಿದ್ದರು. ಜೆಲಟಿನ್ ಹಾಳೆಯನ್ನು ಸುರುಳಿ ಸುತ್ತಿ ಕಳುಹಿಸಬೇಕೆಂಬುದು ಆ ವ್ಯಾಪಾರದಲ್ಲಿರುವವರಿಗೆ ಗೊತ್ತಿರಲೇಬೇಕಾದ ಸಂಗತಿ. ಇರಲಿ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ದೀಪಕ್ಕೆ ಕಟ್ಟಿ, ಕತ್ತಲೆಯ ಕೋಣೆಯಲ್ಲಿ ತಟ್ಟೆಯ ಮೇಲೆ ಕುಂಕುಮ ಹರಡಿ ನೋಡಿದರೆ ಅದು ಕಾಡಿಗೆಯಂತೆ ಕಪ್ಪಾಗಿತ್ತು. ಬಿಳಿ ಟಾರ್ಚ್ ಹಾಕಿದೊಡನೆ, ಬೆಳಕಿನ ವೃತ್ತ ಬಿದ್ದಷ್ಟು ಜಾಗದಲ್ಲಿ ಮಾತ್ರ ಕುಂಕುಮ ಧಗ್ಗನೆ ಕೆಂಪಾಯಿತು. ಅಂಚಿನ ಆಚೆಗೆ ಕಪ್ಪು ಹಾಗೆಯೇ ಉಳಿಯಿತು.

ದೃಶ್ಯ ಸಿಕ್ಕಿದ್ದು ಆಗ. ಬೊಂಡಾಸಿನ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ವರ್ಣದ್ರವ್ಯ ಒಂದೇ ಬಗೆಯದು, ಆದ್ದರಿಂದ ಅದಕ್ಕೆ ನಮ್ಮಂತೆ ಬಣ್ಣಗಳ ಭೇದ ತಿಳಿಯುವುದಿಲ್ಲ ಎನ್ನುತ್ತಾರೆ. ನನ್ನ ಜೀವಿಯೂ ತನಗೆ ಕಾಣದ ಬಣ್ಣವನ್ನೇ ಅವಳಿಗಾಗಿ ಮೈಗೆ ತಂದುಕೊಂಡು ನಿಲ್ಲುತ್ತಾನೆ, ಮತ್ತು ಅವಳು ಟಾರ್ಚ್ ಅನ್ನು ಅವನತ್ತ ತಿರುಗಿಸುವವರೆಗೆ ಅದು ಅವಳಿಗೂ ಕಾಣುವುದಿಲ್ಲ. ಬೆಳಕು ಬಿದ್ದಾಗ ಅವಳ ಗುಳ್ಳೆಗಳ ಸಾಲು ಒಂದು ಗಳಿಗೆ ನಿಂತುಹೋಗುತ್ತದೆ. ನೀರಿನಡಿ ಉಸಿರು ಬಿಗಿಹಿಡಿಯಬಾರದೆಂಬ ಮೊದಲ ಪಾಠವನ್ನು ದಿನವೂ ಇತರರಿಗೆ ಹೇಳಿಕೊಡುವವಳು ಉಸಿರು ಮರೆತಳೆಂಬುದರಿಂದಲೇ ಅವನಿಗೆ ಉತ್ತರ ತಿಳಿಯುತ್ತದೆ.

ಶಬ್ದದ ವಿಚಾರ ಓದುವಾಗ ಮುಂದಿನ ಕಥೆಯ ಬೀಜವೂ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಬ್ದದ ಪ್ರತಿಧ್ವನಿಯಿಂದ ನೀರಿನಡಿಯ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್ ಉಪಕರಣಗಳು ಆಳಸಮುದ್ರದಲ್ಲಿ ಸುಳ್ಳು ತಳವೊಂದನ್ನು ತೋರಿಸತೊಡಗಿದವು; ಸಂಜೆಯಾದರೆ ಅದು ಮೇಲೇರುತ್ತಿತ್ತು, ಬೆಳಗಾದರೆ ಇಳಿಯುತ್ತಿತ್ತು. ಅದು ಮೇವಿಗಾಗಿ ರಾತ್ರಿ ಮೇಲೆ ಬರುವ ಮೀನು, ಸಿಗಡಿಯಂಥ ಜೀವಿಗಳ ದಟ್ಟವಾದ ಪದರ. ಉಪಕರಣದ ಮುಂದೆ ಕುಳಿತವನೊಬ್ಬ ಆ ಪದರದೊಳಗಿನ ಒಂದೇ ಜೀವಿಗಾಗಿ ಪ್ರತಿ ಸಂಜೆ ಕಾಯುವ ಕಥೆಯನ್ನು ಇದು ಮುಗಿದ ಕೂಡಲೇ ಕೈಗೆತ್ತಿಕೊಳ್ಳುತ್ತೇನೆ.

ಸದ್ಯಕ್ಕೆ ಅಗಲಿಕೆಯ ಪುಟ ಬಾಕಿಯಿದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾಗಿ ಸಿಲಿಂಡರಿನ ಗಾಳಿಯೂ ಮೂರು ಪಟ್ಟು ಬೇಗ ಮುಗಿಯುವುದರಿಂದ ಸುಮತಿ ಹೆಚ್ಚು ಹೊತ್ತು ನಿಲ್ಲಲಾರಳು. ಮೇಲೇರುವ ಮುನ್ನ 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ರೂಢಿ, ಮತ್ತು ಅಲ್ಲಿ ಮಂಕಾಗಿಯಾದರೂ ಸೂರ್ಯನ ಕೆಂಪು ಉಳಿದಿರುತ್ತದೆ. ಬಿರುಕು ಬಿಟ್ಟು ಎಂದೂ ಹೊರಬಾರದವನು ಅಷ್ಟೆತ್ತರಕ್ಕೆ ಅವಳ ಹಿಂದೆ ಬರಲು ಯಾವ ಕಾರಣ ಸಾಲುತ್ತದೆಂಬುದನ್ನು ಈಗ ಬರೆಯಬೇಕಾಗಿದೆ.